ರತ್ನಾಕರಕ್ಕೆ ಒಂದು ಬಾಡಿಗೆಯ ಹಡಗು

ಕಡಲಿಗೆ ಅಮರಕೋಶ ಕೊಡುವ ಹೆಸರುಗಳು ಹದಿನೈದು. ಜಗಲಿಯ ಮೇಲೆ ಕುಳಿತು ಅವನ್ನು ಬಾಯಿಪಾಠ ಮಾಡಿದ ಹಿರಿಯರು ನಮ್ಮಲ್ಲಿ ಹಿಂದೆ ಬಹಳ ಮಂದಿ ಇದ್ದರು. ಆ ಹದಿನೈದರಲ್ಲಿ ಹತ್ತಿರ ಹತ್ತಿರವೇ ಬರುವ ಎರಡು ಹೆಸರುಗಳು ಬಹುಕಾಲದಿಂದ ನನ್ನ ಮನಸ್ಸನ್ನು ಹಿಡಿದಿವೆ. ಒಂದು, ರತ್ನಾಕರ, ಇನ್ನೊಂದು, ಯಾದಃಪತಿ. ರತ್ನಾಕರವೆಂದರೆ ರತ್ನಗಳ ಗಣಿ. ಯಾದಸ್ಸು ಎಂದರೆ ಜಲಜಂತು; ಯಾದಃಪತಿಯೆಂದರೆ ಜಲಚರಗಳ ಒಡೆಯ. ಮೊದಲನೆಯದು, ಕಡಲಿನಿಂದ ತನಗೇನು ಸಿಕ್ಕೀತೆಂದು ಎಣಿಸಿದವನು ಇಟ್ಟ ಹೆಸರು. ಎರಡನೆಯದು, ಅದರಲ್ಲಿ ಯಾರು ಯಾರು ಬಾಳುತ್ತಾರೆಂದು ಬಗ್ಗಿ ನೋಡಿದವನು ಇಟ್ಟ ಹೆಸರು. ಕಡಲು ಒಂದೇ, ಅದರ ದಡಕ್ಕೆ ಬಂದ ಮನುಷ್ಯರು ಮಾತ್ರ ಎರಡು ಬಗೆ.

ಈ ಎರಡು ಬಗೆಯವರನ್ನೂ ಒಂದೇ ಕಡೆ ಕಾಣಬೇಕೆಂದರೆ ಮೆಕ್ಸಿಕೊ ದೇಶದ ಒಂದು ಕಡಲಿನ ಚರಿತ್ರೆಯನ್ನು ಓದಬೇಕು. ನಾನು ಆ ಕಡಲನ್ನು ಕಣ್ಣಾರೆ ಕಂಡವನಲ್ಲ. ನಾನು ಕನ್ನಡ ಪಾಠ ಹೇಳುವವನು, ಪುಸ್ತಕಗಳ ಮೂಲಕ ಅದನ್ನು ಬಲ್ಲವನು. ಆದರೆ ಅದರ ಕಥೆ ಒಂದು ಪುಸ್ತಕದೊಡನೆ ಬಲವಾಗಿ ಹೆಣೆದುಕೊಂಡಿರುವುದರಿಂದ ಸಾಹಿತ್ಯದ ಅಧ್ಯಾಪಕನೊಬ್ಬ ಅದನ್ನು ಹೇಳಹೊರಟರೆ ವಾಚಕರು ಅದನ್ನು ಅಧಿಕಪ್ರಸಂಗವೆಂದು ತಿಳಿಯಲಾರರು ಎಂದು ನಂಬಿದ್ದೇನೆ.

ಉತ್ತರ ಅಮೆರಿಕದ ಭೂಪಟವನ್ನು ಬಿಚ್ಚಿ ನೋಡಿದರೆ ಪಶ್ಚಿಮದ ಅಂಚಿನಲ್ಲಿ ಉದ್ದನೆಯ ನೆಲದ ನಾಲಗೆಯೊಂದು ತೆಂಕಣಕ್ಕೆ ಚಾಚಿರುವುದು ಕಾಣುತ್ತದೆ. ಅದು ಬಾಹಾ ಕ್ಯಾಲಿಫೋರ್ನಿಯ, ಅಂದರೆ ಕೆಳ ಕ್ಯಾಲಿಫೋರ್ನಿಯ. ಆ ನಾಲಗೆಗೂ ಮೆಕ್ಸಿಕೊದ ಮುಖ್ಯ ನೆಲಕ್ಕೂ ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿ ಸಿಕ್ಕಿಕೊಂಡಿರುವ ನೀರೇ ಕ್ಯಾಲಿಫೋರ್ನಿಯ ಕೊಲ್ಲಿ. ಇದಕ್ಕೆ ಕೋರ್ಟೆಸ್ ಸಮುದ್ರವೆಂಬುದು ಇನ್ನೊಂದು ಹೆಸರು. ಅದರಲ್ಲಿ ನೂರಾರು ದ್ವೀಪಗಳಿವೆ. ದ್ವೀಪವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತೆಂಗಿನ ತೋಪು, ಹಸುರು, ಮಳೆ. ಇಲ್ಲಿ ಅದೊಂದೂ ಇಲ್ಲ. ಕೆಂಪು ಕಲ್ಲು, ಬೂದುಬಣ್ಣದ ಮರಳು, ಮನೆಯೆತ್ತರ ಬೆಳೆದು ಕಂಬದಂತೆ ನಿಂತ ಕಳ್ಳಿ ಗಿಡಗಳು. ಕುಡಿಯಲು ಸಿಹಿನೀರು ಸಿಕ್ಕುವುದೇ ಅಪರೂಪ. ಮರಳುಗಾಡನ್ನು ತುಂಡು ಮಾಡಿ ಕಡಲಿನಲ್ಲಿ ಎಸೆದಂತೆ ಈ ದ್ವೀಪಗಳು ಬಿದ್ದಿವೆ. ಆದರೆ ನೀರಿನಂಚಿನಿಂದ ಒಂದು ಮಾರು ಕೆಳಗೆ ಇಳಿದರೆ ಲೋಕವೇ ಬೇರೆ. ೮೯೧ ಜಾತಿಯ ಮೀನುಗಳನ್ನು ಅಲ್ಲಿ ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ೯೦ ಜಾತಿಗಳು ಲೋಕದ ಬೇರೆಲ್ಲೂ ಇಲ್ಲ. ಜಗತ್ತಿನ ತಿಮಿಂಗಿಲ ಮತ್ತು ಡಾಲ್ಫಿನ್ ಜಾತಿಗಳಲ್ಲಿ ಮೂರರಲ್ಲೊಂದು ಪಾಲು ಈ ನೀರಿನಲ್ಲಿ ಕಾಣಸಿಗುತ್ತವೆ.

ಮೇಲೆ ಬರಗಾಲ, ಕೆಳಗೆ ಸುಭಿಕ್ಷ, ಇದು ಹೇಗೆ? ಉತ್ತರ ಗಾಳಿಯಲ್ಲಿದೆ. ಚಳಿಗಾಲ ಬಂತೆಂದರೆ ಆ ಕೊಲ್ಲಿಯ ಮೇಲೆ ಬಡಗಣ ಗಾಳಿ ಏಳುತ್ತದೆ. ಎರಡು ಮೂರು ದಿನ ಒಂದೇ ಸಮನೆ ಬೀಸುತ್ತದೆ. ಅದು ಮುಖ್ಯ ನೆಲದ ದಡದ ಮೇಲ್ಮೈ ನೀರನ್ನು ಆಚೆಗೆ ತಳ್ಳಿದಾಗ ಅದರ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ತಳದಲ್ಲಿ ಕೊಳೆತು ಕೂಡಿಬಿದ್ದ ಗೊಬ್ಬರವೆಲ್ಲ ಆ ನೀರಿನೊಡನೆ ಬಿಸಿಲಿಗೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಅದನ್ನುಂಡು ಬೆಳೆಯುತ್ತವೆ. ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು, ಅದನ್ನು ಹಕ್ಕಿಯೂ ಕಡಲಸಿಂಹವೂ ತಿಂದು ಬಾಳುತ್ತವೆ. ಉಬ್ಬರವಿಳಿತದ ಸೆಳೆತವಂತೂ ಕೊಲ್ಲಿಯ ನಡುವಿನ ದೊಡ್ಡ ದ್ವೀಪಗಳ ಸುತ್ತ ವರ್ಷವಿಡೀ ನೀರನ್ನು ಕಡೆಯುತ್ತಲೇ ಇರುತ್ತದೆ. ನಾವಿಕನಿಗೆ ಕಿರುಕುಳ ಕೊಡುವ ಗಾಳಿಯೇ ಆ ಕಡಲಿಗೆ ಉಣಬಡಿಸುವ ಗಾಳಿಯೂ ಆಗಿದೆ.

ಈ ಕಾರಣದಿಂದಲೇ ಇಂದು ಅಲ್ಲಿಗೆ ಪ್ರವಾಸ ಹೊರಡುವವರು ಚಳಿಗಾಲವನ್ನೇ ಆರಿಸುತ್ತಾರೆ. ಬೇಸಗೆಯಲ್ಲಿ ಬಿಸಿಲು ತಡೆಯಲಾರದಷ್ಟು. ಬೇಸಗೆಯ ಕೊನೆಗೆ ಚಂಡಮಾರುತದ ಭಯ. ನವೆಂಬರಿನಿಂದ ಏಪ್ರಿಲಿನವರೆಗೆ ಲಾ ಪಾಸ್ ಎಂಬ ಊರಿನ ಬಂದರಿನಲ್ಲಿ ಹಾಯಿಹಡಗುಗಳನ್ನು ವಾರದ ಲೆಕ್ಕಕ್ಕೆ ಬಾಡಿಗೆಗೆ ಕೊಡುತ್ತಾರೆ. ನಾಲ್ಕೆಂಟು ಮಂದಿ ಗೆಳೆಯರು ಕೂಡಿ ಹಡಗು ಹಿಡಿದು, ನೀರು ಅಕ್ಕಿ ಬೇಳೆ ತುಂಬಿಕೊಂಡು, ಎಸ್ಪಿರಿಟು ಸಾಂಟೊ ಮೊದಲಾದ ದ್ವೀಪಗಳ ಮರೆಯಲ್ಲಿ ಒಂದೊಂದು ರಾತ್ರಿ ಲಂಗರು ಹಾಕುತ್ತ ಹೋಗುತ್ತಾರೆ. ಹೀಗೆ ಹೊರಡುವ ಮುನ್ನ ಎಲ್ಲರೂ ಒಂದು ಪಟ್ಟಿ ಮಾಡುತ್ತಾರಷ್ಟೆ: ಏನು ಒಯ್ಯಬೇಕು, ಏನು ನೋಡಬೇಕು, ಏನು ತರಬೇಕು. ಐನೂರು ವರ್ಷಗಳಿಂದ ಆ ಕಡಲಿಗೆ ಬಂದವರೆಲ್ಲ ಇಂಥ ಒಂದು ಪಟ್ಟಿಯನ್ನು ಹಿಡಿದುಕೊಂಡೇ ಬಂದವರು. ಪಟ್ಟಿಯನ್ನು ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ.

ಮೊದಲನೆಯ ಪಟ್ಟಿ ಒಂದು ಕಟ್ಟುಕಥೆಯಲ್ಲಿ ಹುಟ್ಟಿತು. ೧೫೧೦ರ ಸುಮಾರಿಗೆ ಸ್ಪೇನಿನಲ್ಲಿ ಮೊಂಟಾಲ್ವೊ ಎಂಬುವನು ಬರೆದ ವೀರಗಾಥೆಯೊಂದರಲ್ಲಿ ಕ್ಯಾಲಿಫೋರ್ನಿಯ ಎಂಬ ದ್ವೀಪವಿದೆ. ಅಲ್ಲಿ ಗಂಡಸರಿಲ್ಲ, ಕಲಾಫಿಯಾ ಎಂಬ ರಾಣಿಯ ಕೈಕೆಳಗೆ ಹೆಂಗಸರದೇ ರಾಜ್ಯ, ಲೋಹವೆಂದರೆ ಅಲ್ಲಿ ಚಿನ್ನವೊಂದೇ. ನಮ್ಮ ಪ್ರಮೀಳಾ ರಾಜ್ಯದ ಕಥೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಪಡುವಣ ಕಡಲಿಗೆ ಬಂದ ಸ್ಪ್ಯಾನಿಷ್ ಸೈನಿಕರು ಈ ಕಥೆಯನ್ನು ತಲೆಯಲ್ಲಿ ತುಂಬಿಕೊಂಡೇ ಬಂದಿದ್ದರು. ಅವರು ಕಂಡ ಬರಡು ನೆಲಕ್ಕೆ ಆ ಹೆಸರೇ ಅಂಟಿಕೊಂಡಿತು. ಕಾವ್ಯದ ಊರು ಭೂಪಟದ ಊರಾದ ನಿದರ್ಶನಗಳು ಲೋಕದಲ್ಲಿ ಹೆಚ್ಚಿಲ್ಲ.

ಮೆಕ್ಸಿಕೊವನ್ನು ಗೆದ್ದ ಎರ್ನಾನ್ ಕೋರ್ಟೆಸ್ ೧೫೩೩ರಲ್ಲಿ ಕಳುಹಿಸಿದ ಹಡಗೊಂದರಲ್ಲಿ ದಂಗೆಯೆದ್ದಿತು. ದಂಗೆಕೋರರ ಮುಖಂಡ ಫೋರ್ತೂನ್ ಹಿಮೇನೆಸ್ ತನ್ನ ಕಪ್ತಾನನನ್ನು ಕೊಂದು ಇಂದಿನ ಲಾ ಪಾಸ್ ಕೊಲ್ಲಿಯಲ್ಲಿ ಇಳಿದ. ಅಲ್ಲಿನ ಮೂಲ ನಿವಾಸಿಗಳು ಅವನನ್ನೂ ಅವನ ಜೊತೆಯವರಲ್ಲಿ ಹಲವರನ್ನೂ ಕೊಂದರು. ಅಳಿದುಳಿದು ಹಿಂದಿರುಗಿದವರು ಒಂದು ಸುದ್ದಿ ತಂದರು: ಅಲ್ಲಿ ಮುತ್ತುಗಳಿವೆ! ಅಷ್ಟೇ ಸಾಕಾಯಿತು. ೧೫೩೫ರ ಮೇ ತಿಂಗಳಲ್ಲಿ ಕೋರ್ಟೆಸನೇ ಜನರನ್ನೂ ಕುದುರೆಗಳನ್ನೂ ಹೇರಿಕೊಂಡು ಬಂದಿಳಿದು ಒಂದು ವಸಾಹತು ಹೂಡಿದ. ಅವನ ಪಟ್ಟಿಯಲ್ಲಿ ಕತ್ತಿಯಿತ್ತು, ಶಿಲುಬೆಯಿತ್ತು, ಮುತ್ತಿನ ಆಸೆಯಿತ್ತು, ಸಾಕಷ್ಟು ಅನ್ನವಿರಲಿಲ್ಲ. ಮರಳುಗಾಡಿನಲ್ಲಿ ಬೆಳೆಯೇನು ಬಂದೀತು? ಹಸಿವಿನಿಂದ ಜನ ಸತ್ತರು. ಬಹುಬೇಗ ವಸಾಹತು ಮುಚ್ಚಿಹೋಯಿತು. ೧೫೩೯ರಲ್ಲಿ ಅವನು ಕಳುಹಿಸಿದ ಉಲ್ಲೋವಾ ಎಂಬ ನಾವಿಕ ಕೊಲ್ಲಿಯ ತುದಿಯವರೆಗೂ ಹೋಗಿ, ಇದು ದ್ವೀಪವಲ್ಲ, ನೆಲಕ್ಕೆ ಅಂಟಿದ ಪರ್ಯಾಯದ್ವೀಪವೆಂದು ಕಂಡುಬಂದ. ಆದರೂ ಮುಂದಿನ ಶತಮಾನದ ಭೂಪಟಗಳಲ್ಲಿ ಕ್ಯಾಲಿಫೋರ್ನಿಯ ಮತ್ತೆ ದ್ವೀಪವಾಗಿಯೇ ಕಾಣಿಸಿಕೊಂಡಿತು. ಕಣ್ಣು ಕಂಡದ್ದಕ್ಕಿಂತ ಕಥೆ ಹೇಳಿದ್ದನ್ನೇ ಮನಸ್ಸು ಹೆಚ್ಚು ಕಾಲ ನಂಬುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

೧೫೯೬ರಲ್ಲಿ ವಿಸ್ಕಾಯಿನೊ ಎಂಬ ನಾವಿಕ ಆ ಸ್ಥಳಕ್ಕೆ ಲಾ ಪಾಸ್, ಅಂದರೆ ಶಾಂತಿ, ಎಂದು ಹೆಸರಿಟ್ಟ. ೧೬೯೭ರಲ್ಲಿ ಜೆಸ್ಯೂಯಿಟ್ ಪಾದ್ರಿಗಳು ಲೊರೆಟೊದಲ್ಲಿ ನೆಲೆಯೂರಿದರು. ಅವರು ತಂದ ಪಟ್ಟಿ ಬೇರೆ: ಅವರಿಗೆ ಬೇಕಾದದ್ದು ಮುತ್ತಲ್ಲ, ಆತ್ಮಗಳು. ಅವರ ಹಿಂದೆಯೇ ಪರದೇಶದ ರೋಗಗಳೂ ಬಂದವು. ಎಸ್ಪಿರಿಟು ಸಾಂಟೊ ದ್ವೀಪದಲ್ಲೂ ಪರ್ಯಾಯದ್ವೀಪದ ತುದಿಯಲ್ಲೂ ಮೀನು ಚಿಪ್ಪುಗಳನ್ನು ನಂಬಿ ಬಾಳಿದ್ದ ಪೆರಿಕೂ ಎಂಬ ಜನ ೧೭೩೪ರಲ್ಲಿ ದಂಗೆಯೆದ್ದರು, ಸೋತರು, ಆ ಶತಮಾನ ಮುಗಿಯುವಷ್ಟರಲ್ಲಿ ಒಂದು ಜನಾಂಗವಾಗಿ ಅಳಿದೇ ಹೋದರು. ಅವರ ನುಡಿಯಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಕೆಲವು ಪದಗಳು ಮಾತ್ರ. ಭಾಷೆಯನ್ನು ಪಾಠ ಹೇಳುವವನಿಗೆ ಈ ವಾಕ್ಯವನ್ನು ಬರೆಯುವುದು ಸುಲಭವಲ್ಲ. ಆ ಕಡಲನ್ನು ಎಲ್ಲರಿಗಿಂತ ಮೊದಲು ಬಲ್ಲವರು ಅದರ ಮೀನುಗಳನ್ನೂ ಗಾಳಿಗಳನ್ನೂ ಏನೆಂದು ಕರೆಯುತ್ತಿದ್ದರೋ ಇನ್ನು ಯಾರೂ ಹೇಳಲಾರರು.

ಮುತ್ತಿನ ಕಥೆಯಾದರೋ ಮುಂದುವರಿಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಾಮ್ರದ ಶಿರಸ್ತ್ರಾಣವನ್ನೂ ಗಾಳಿಯ ಕೊಳವೆಯನ್ನೂ ಧರಿಸಿ ನೀರಿಗಿಳಿಯುವ ಪದ್ಧತಿ ಬಂದ ಮೇಲೆ ಮುಳುಗಾರರು ಮೊದಲಿಗಿಂತ ಆಳಕ್ಕೆ ಹೋಗಿ, ಮೊದಲಿಗಿಂತ ಹೆಚ್ಚು ಹೊತ್ತು ನಿಂತು, ಚಿಪ್ಪುಗಳನ್ನು ಬಾಚತೊಡಗಿದರು. ಇದು ಹೀಗೇ ನಡೆದರೆ ನಾಳೆಗೆ ಏನೂ ಉಳಿಯದೆಂದು ಕಂಡುಕೊಂಡವನು ಲಾ ಪಾಸ್‌ನ ಗಾಸ್ತೋನ್ ವೀವೆಸ್. ಅವನು ೧೯೦೩ರಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ಎಸ್ಪಿರಿಟು ಸಾಂಟೊ ದ್ವೀಪದ ಒಂದು ಕೊಲ್ಲಿಯಲ್ಲಿ ಕಲ್ಲಿನ ಕಾಲುವೆಗಳನ್ನು ಕಟ್ಟಿಸಿ, ಮುತ್ತಿನ ಚಿಪ್ಪುಗಳನ್ನು ಸಸಿಗಳಂತೆ ಸಾಕಿ ಬೆಳೆಸಿದ. ತೆಗೆಯುವುದಕ್ಕೆ ಮೊದಲು ಬಿತ್ತಬೇಕೆಂಬ ರೈತನ ವಿವೇಕ ಆ ಕಡಲಿನಲ್ಲಿ ಮೊದಲ ಬಾರಿಗೆ ಕಾಣಿಸಿದ್ದು ಹೀಗೆ. ಆದರೆ ಮೆಕ್ಸಿಕೊದ ಕ್ರಾಂತಿಯ ಗದ್ದಲದಲ್ಲಿ, ೧೯೧೪ರಲ್ಲಿ, ಅವನ ತೋಟವನ್ನು ಕೊಳ್ಳೆಹೊಡೆದು ಹಾಳುಮಾಡಿದರು. ೧೯೩೦ರ ದಶಕ ಮುಗಿಯುವ ಹೊತ್ತಿಗೆ ಆ ಕೊಲ್ಲಿಯ ಮುತ್ತಿನ ವ್ಯಾಪಾರವೇ ಮುಗಿದುಹೋಗಿತ್ತು. ನಾಲ್ಕು ಶತಮಾನ ಮುತ್ತನ್ನು ಎಣಿಸಿದವರುಂಟು, ತೂಗಿದವರುಂಟು, ಕಿರೀಟಕ್ಕೆ ಕೂರಿಸಿದವರುಂಟು. ಆದರೆ ಚಿಪ್ಪು ಬೆಳೆಯುವ ಬಂಡೆಯ ಮೇಲೆ ಅದರ ನೆರೆಹೊರೆಯಲ್ಲಿ ಇನ್ನೇನೇನು ಜೀವಿಗಳಿದ್ದವೆಂದು ಮೊದಲಿನಿಂದ ಕೊನೆಯವರೆಗೆ ಬರೆದಿಟ್ಟವರಿರಲಿಲ್ಲ.

ಆ ಕೆಲಸಕ್ಕೆ ಹೊರಟ ಹಡಗು ಬಂದದ್ದು ೧೯೪೦ರಲ್ಲಿ. ಅದೂ ಬಾಡಿಗೆಯ ಹಡಗೇ.

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯದಲ್ಲಿ ಮಾಂಟೆರೆ ಎಂಬ ಊರಿದೆ. ಇಂದು ನಮ್ಮ ಕನ್ನಡಿಗರು ಬಹಳ ಮಂದಿ ನೆಲೆಸಿರುವ ಸ್ಯಾನ್ ಹೋಸೆ ನಗರದಿಂದ ಅದು ಒಂದೂವರೆ ಗಂಟೆಯ ದಾರಿ. ಮಕ್ಕಳ ಮನೆಗೆಂದು ಅಲ್ಲಿಗೆ ಹೋದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಆ ಊರನ್ನು ನೋಡಿಬಂದಿರುತ್ತಾರೆ. ಆಗ ಅದು ಸಾರ್ಡೀನ್ ಮೀನಿನ ಊರು. ಸಾರ್ಡೀನ್ ಎಂದರೆ ನಮ್ಮ ಕರಾವಳಿಯವರ ಬೂತಾಯಿಯ ಬಳಗ. ಡಬ್ಬಿಗೆ ಮೀನು ತುಂಬುವ ಕಾರ್ಖಾನೆಗಳ ಸಾಲಿನ ನಡುವೆ ಎಡ್ವರ್ಡ್ ರಿಕೆಟ್ಸ್ ಎಂಬುವನ ಪ್ರಯೋಗಶಾಲೆಯಿತ್ತು. ಅವನು ಕಡಲಂಚಿನ ಜೀವಿಗಳನ್ನು ಹಿಡಿದು ಶಾಲೆ ಕಾಲೇಜುಗಳಿಗೆ ಮಾದರಿಗಳನ್ನು ಒದಗಿಸಿ ಹೊಟ್ಟೆ ಹೊರೆಯುತ್ತಿದ್ದ. ಪದವಿ ಪಡೆದ ವಿಜ್ಞಾನಿಯಲ್ಲದಿದ್ದರೂ, ಪೆಸಿಫಿಕ್ ತೀರದ ಜೀವಿಗಳನ್ನು ಕುರಿತು ೧೯೩೯ರಲ್ಲಿ ಅವನು ಜಾಕ್ ಕಾಲ್ವಿನ್‌ನೊಡನೆ ಬರೆದ ಗ್ರಂಥ ವಿದ್ವಾಂಸರ ಮನ್ನಣೆ ಪಡೆಯಿತು. ಜೀವಿಯನ್ನು ಬಿಡಿಯಾಗಿ ನೋಡಬಾರದು. ಬಂಡೆ, ಅಲೆ, ಇಳಿತ, ನೆರೆಹೊರೆ ಎಲ್ಲದರೊಡನೆ ಕೂಡಿಸಿ ನೋಡಬೇಕು ಎಂಬುದು ಅವನ ದೃಷ್ಟಿ. ಅವನ ಆಪ್ತ ಗೆಳೆಯ ಜಾನ್ ಸ್ಟೈನ್‌ಬೆಕ್. ಅದೇ ೧೯೩೯ರಲ್ಲಿ ‘ದ ಗ್ರೇಪ್ಸ್ ಆಫ್ ರಾತ್’ ಕಾದಂಬರಿ ಪ್ರಕಟವಾಗಿ, ಕೀರ್ತಿಯೂ ಬೈಗುಳವೂ ಒಟ್ಟಿಗೇ ಮನೆಬಾಗಿಲಿಗೆ ಬಂದು, ಎರಡರಿಂದಲೂ ತಪ್ಪಿಸಿಕೊಳ್ಳಲು ಸ್ಟೈನ್‌ಬೆಕ್ ದಾರಿ ಹುಡುಕುತ್ತಿದ್ದ. ಗೆಳೆಯರಿಬ್ಬರೂ ಕೂಡಿ ಕೋರ್ಟೆಸ್ ಸಮುದ್ರಕ್ಕೆ ಹೋಗಿ, ದಡದ ಜೀವಿಗಳ ಒಂದು ಪಟ್ಟಿ ಮಾಡಿಬರುವುದೆಂದು ನಿಶ್ಚಯವಾಯಿತು.

ಹಡಗು ಹಿಡಿಯುವುದೇ ಮೊದಲ ತೊಡಕು. ಸಾರ್ಡೀನ್ ಹಂಗಾಮು ಮುಗಿದಿದ್ದರಿಂದ ಬಂದರಿನಲ್ಲಿ ಹಡಗುಗಳೇನೋ ಕೆಲಸವಿಲ್ಲದೆ ನಿಂತಿದ್ದವು. ಆದರೆ ಮೀನು ಹಿಡಿಯಲಲ್ಲದೆ ಏಡಿ ಹುಳುಗಳನ್ನು ಆಯಲು ಹಡಗು ಕೇಳುವ ಈ ವಿಚಿತ್ರ ಜನಕ್ಕೆ ತಮ್ಮ ಹಡಗು ಕೊಡಲು ಯಜಮಾನರು ಹಿಂಜರಿದರು. ಕೊನೆಗೆ ಒಪ್ಪಿದವನು ಕಪ್ತಾನ ಟೋನಿ ಬೆರಿ. ಅವನ ಹಡಗು ‘ವೆಸ್ಟರ್ನ್ ಫ್ಲೈಯರ್’. ಎಪ್ಪತ್ತಾರು ಅಡಿ ಉದ್ದದ, ೧೯೩೭ರಲ್ಲಿ ಕಟ್ಟಿದ, ಗಟ್ಟಿಮುಟ್ಟಾದ ಮೀನುಹಡಗು. ಆರು ವಾರಗಳ ಬಾಡಿಗೆಗೆ ಮಾತಾಯಿತು. ಮೆಕ್ಸಿಕೊ ಸರ್ಕಾರದ ಅಪ್ಪಣೆ ಪತ್ರಗಳಿಗೆ ಓಡಾಟ ನಡೆಯಿತು.

ಅವರು ಮಾಡಿದ ಸಾಮಾನಿನ ಪಟ್ಟಿ ಓದಲು ಬಹಳ ಸ್ವಾರಸ್ಯ. ಮಾದರಿಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್, ಮದ್ಯಸಾರ, ಗಾಜಿನ ಜಾಡಿಗಳು, ಬೆರಳುದ್ದದ ಸೀಸೆಗಳು, ಒಂದರೊಳಗೊಂದು ಕೂರುವ ತೊಟ್ಟಿಗಳು, ಸೂಕ್ಷ್ಮದರ್ಶಕ, ಔಷಧದ ಪೆಟ್ಟಿಗೆ, ಆರು ವಾರದ ಅಡುಗೆಯ ಸಾಮಾನು, ಮತ್ತು ಒಂದು ಗ್ರಂಥಾಲಯ. ಪುಸ್ತಕಗಳಿಗಾಗಿ ಬಲವಾದ ಪೆಟ್ಟಿಗೆಯೊಂದನ್ನು ಮಾಡಿಸಿದರು. ಹಡಗಿಗೆ ತಂದಾಗ ಅದು ಒಳಗೆಲ್ಲೂ ಹಿಡಿಸದೆ, ಮಾಳಿಗೆಯ ಮೇಲೆ ಹಗ್ಗದಿಂದ ಕಟ್ಟಿ ಟಾರ್ಪಾಲು ಹೊದಿಸಬೇಕಾಯಿತು! ಒಂದು ಪುಸ್ತಕ ತೆಗೆಯಬೇಕಾದರೆ ಇಷ್ಟನ್ನೂ ಬಿಚ್ಚಬೇಕು. ದಡಕ್ಕೆ ಹೋಗಿಬರುವ ಕಿರುದೋಣಿಗೆ ಒಂದು ಸಣ್ಣ ಯಂತ್ರವಿತ್ತು. ಅದು ಅಗತ್ಯವಿದ್ದಾಗಲೆಲ್ಲ ಹಟ ಹಿಡಿದು ನಿಂತು, ಅಗತ್ಯವಿಲ್ಲದಾಗ ಸೊಗಸಾಗಿ ಓಡುತ್ತಿತ್ತೆಂದು ಸ್ಟೈನ್‌ಬೆಕ್ ಪುಟಗಟ್ಟಲೆ ಗೋಳು ಹೇಳಿಕೊಂಡಿದ್ದಾನೆ. ಎಷ್ಟು ಸೀಸೆ ಒಯ್ದರೂ ಸಾಲದೆಂಬುದು ಅವರು ಕಲಿತ ಇನ್ನೊಂದು ಪಾಠ. ಪಟ್ಟಿ ಹಾಕಿ ಪ್ರವಾಸ ಹೊರಟ ಗೃಹಸ್ಥರೆಲ್ಲರಿಗೂ ಇದು ಅನುಭವವೇದ್ಯ.

೧೯೪೦ರ ಮಾರ್ಚ್ ೧೧ರಂದು ಹಡಗು ಮಾಂಟೆರೆಯಿಂದ ಹೊರಟಿತು. ಏಪ್ರಿಲ್ ೨೦ರಂದು ಹಿಂದಿರುಗಿತು. ಅಷ್ಟು ದಿನವೂ ಅವರ ದಿನಚರಿಯನ್ನು ನಡೆಸಿದ್ದು ಗಡಿಯಾರವಲ್ಲ, ಕಡಲಿನ ಇಳಿತ. ನೀರು ಇಳಿದು ಬಂಡೆಗಳು ಬಯಲಾಗುವ ಹೊತ್ತನ್ನು ಪಂಚಾಂಗದಲ್ಲಿ ಮುಹೂರ್ತ ನೋಡುವಂತೆ ಕೋಷ್ಟಕದಲ್ಲಿ ನೋಡಿ, ಆ ಹೊತ್ತಿಗೆ ಸರಿಯಾಗಿ ದಡ ಸೇರಿ, ಬಗ್ಗಿ, ಕಲ್ಲು ಮಗುಚಿ ಆಯುತ್ತಿದ್ದರು. ಕಾಬೊ ಪುಲ್ಮೊದ ಹವಳದ ದಿಬ್ಬ, ಎಸ್ಪಿರಿಟು ಸಾಂಟೊ, ಲೊರೆಟೊ, ಕಾವಲು ದೇವತೆಯ ಹೆಸರು ಹೊತ್ತ ಆಂಖೆಲ್ ದೆ ಲಾ ಗ್ವಾರ್ದಾ ದ್ವೀಪ, ಹೀಗೆ ಒಂದೊಂದು ತಾಣದಲ್ಲೂ ನಕ್ಷತ್ರಮೀನು, ಏಡಿ, ಶಂಖ, ಹವಳ, ಹೂವಿನಂತೆ ಅರಳಿ ಮುಟ್ಟಿದರೆ ಮುದುಡುವ ಜೀವಿಗಳು, ಸೌತೆಕಾಯಿಯಂಥ ಜೀವಿಗಳು, ಮೈತುಂಬ ಮುಳ್ಳಿನ ಉಂಡೆಗಳು. ರಾತ್ರಿ ಹಡಗಿನಲ್ಲಿ ಕುಳಿತು ವಿಂಗಡಿಸಿ, ಚೀಟಿ ಅಂಟಿಸಿ, ಸೀಸೆಗೆ ತುಂಬುವುದು. ಒಟ್ಟು ಐನೂರಕ್ಕೂ ಹೆಚ್ಚು ಜಾತಿಗಳು ಅವರ ಪಟ್ಟಿಗೆ ಸೇರಿದವು.

ದಡದ ಹಳ್ಳಿಗಳ ಜನಕ್ಕೆ ಇದೊಂದು ಸೋಜಿಗ. ನೀರಿನಲ್ಲಿ ಬಗ್ಗಿ ತಡಕಾಡುವ ಈ ದೊಡ್ಡ ಮನುಷ್ಯರನ್ನು ಕಂಡು, ಏನು ಕಳೆದುಕೊಂಡಿರಿ ಎಂದು ಅವರು ಕೇಳುತ್ತಿದ್ದರಂತೆ. ಏನೂ ಕಳೆದಿಲ್ಲವೆಂದರೆ, ಮತ್ತೆ ಹುಡುಕುತ್ತಿರುವುದೇನನ್ನು ಎಂಬ ಪ್ರಶ್ನೆ. ನಾಲ್ಕುನೂರು ವರ್ಷಗಳಿಂದ ಅಲ್ಲಿಗೆ ಬಂದವರೆಲ್ಲ ಹುಡುಕಿದ್ದು ಬೆಲೆಯುಳ್ಳ ವಸ್ತುವನ್ನು. ಬರಿದೆ ನೋಡಲೆಂದು, ಹೆಸರು ಬರೆಯಲೆಂದು ಬಂದವರಿಗೆ ಕೊಡಲು ಸರಿಯಾದ ಉತ್ತರವೇ ಇರಲಿಲ್ಲ.

ಲಾ ಪಾಸ್‌ನಲ್ಲಿ ಸ್ಟೈನ್‌ಬೆಕ್ ಒಂದು ಕಥೆ ಕೇಳಿದ. ಬಡ ಹುಡುಗನೊಬ್ಬನಿಗೆ ಮಹಾಮುತ್ತೊಂದು ಸಿಕ್ಕಿತು. ಅದರಿಂದ ಸುಖ ಬರುವುದಿರಲಿ, ಹೊಡೆತ, ಮೋಸ, ಜೀವಭಯಗಳೇ ಬಂದವು. ಕೊನೆಗೆ ಅವನು ಅದನ್ನು ಕಡಲಿಗೇ ಎಸೆದು ನಿಶ್ಚಿಂತನಾದ. ಈ ಬೀಜವೇ ಮುಂದೆ ಬೆಳೆದು ೧೯೪೭ರಲ್ಲಿ ‘ದ ಪರ್ಲ್’ ಎಂಬ ಕಿರುಕಾದಂಬರಿಯಾಯಿತು. ಅದನ್ನು ಓದಿದವರು ನಮ್ಮಲ್ಲೂ ಬಹಳ ಮಂದಿ ಇದ್ದಾರೆ. ರತ್ನಾಕರದಿಂದ ರತ್ನವನ್ನು ಎತ್ತಿ ಮತ್ತೆ ರತ್ನಾಕರಕ್ಕೇ ಒಪ್ಪಿಸಿದ ಆ ಹುಡುಗನ ಕಥೆ, ಮುತ್ತಿನ ಚಿಪ್ಪುಗಳೆಲ್ಲ ಬರಿದಾದ ಕಾಲದಲ್ಲಿ ಆ ಊರಿನಲ್ಲಿ ಉಳಿದಿತ್ತೆಂಬುದು ಮನಸ್ಸಿಗೆ ನಾಟುವ ಸಂಗತಿ.

ಗ್ವಾಯಮಾಸ್ ಬಂದರಿನ ಸಮೀಪ ಅವರು ಇನ್ನೊಂದು ನೋಟ ಕಂಡರು. ಜಪಾನಿನ ಸಿಗಡಿ ಹಡಗುಗಳ ಒಂದು ತಂಡ ಕೊಲ್ಲಿಯ ತಳವನ್ನೇ ಬಲೆಯಿಂದ ಕೆರೆದು ಮೇಲೆತ್ತುತ್ತಿತ್ತು. ಬೇಕಾದ ಸಿಗಡಿಯನ್ನು ಆಯ್ದುಕೊಂಡು, ಅದರೊಡನೆ ಬಂದ ಲೆಕ್ಕವಿಲ್ಲದಷ್ಟು ಮೀನುಗಳನ್ನು ಸತ್ತ ಮೇಲೆ ನೀರಿಗೆ ಚೆಲ್ಲುತ್ತಿದ್ದರು. ಆ ಹಡಗಿನ ಜನ ಒಳ್ಳೆಯವರು, ಅತಿಥಿಗಳನ್ನು ಆದರಿಸಿದವರು, ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡುವವರು ಎಂದು ಸ್ಟೈನ್‌ಬೆಕ್ ಬರೆಯುತ್ತಾನೆ. ಒಳ್ಳೆಯ ಜನ ಕೂಡಿ ಕೆಟ್ಟ ಕೆಲಸ ಮಾಡುತ್ತಿದ್ದರೆಂಬುದೇ ಅವನ ವ್ಯಥೆ. ಇಲ್ಲಿ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು. ಈ ಗೆಳೆಯರೂ ಸೀಸೆಗಳಲ್ಲಿ ತುಂಬಿ ತಂದದ್ದು ಸಾವಿರಾರು ಸತ್ತ ಜೀವಿಗಳನ್ನೇ. ನೋಡುವುದಕ್ಕೂ ಒಂದು ಬೆಲೆಯುಂಟು. ಆದರೆ ಅವರು ತೆಗೆದದ್ದನ್ನೆಲ್ಲ, ಎಲ್ಲಿ ತೆಗೆದರೆಂಬುದರ ಸಮೇತ, ಬರೆದಿಟ್ಟರು. ಬಲೆ ಕೆರೆದವರು ಬರೆದಿಡಲಿಲ್ಲ.

ಬರೆಹವೂ ಎಲ್ಲವನ್ನೂ ಉಳಿಸುವುದಿಲ್ಲವೆಂಬುದು ಬೇರೆ ಮಾತು. ಆ ಯಾನದಲ್ಲಿ ಸ್ಟೈನ್‌ಬೆಕ್‌ನ ಹೆಂಡತಿ ಕ್ಯಾರಲ್ ಕೂಡ ಉದ್ದಕ್ಕೂ ಇದ್ದಳು. ಇಬ್ಬರೂ ಸೇರಿ ೧೯೪೧ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಸೀ ಆಫ್ ಕೋರ್ಟೆಸ್’ ಗ್ರಂಥದ ಯಾನಕಥನದಲ್ಲಿ ಹಡಗಿನ ಯಂತ್ರ ಕೂಡ ಒಂದು ಪಾತ್ರ. ಕ್ಯಾರಲ್ ಮಾತ್ರ ಇಲ್ಲ. ಕಡಲಹುಳುಗಳ ಹೆಸರನ್ನು ಒಂದೂ ಬಿಡದೆ ಬರೆದವರು ಜೊತೆಯಲ್ಲಿ ಊಟ ಮಾಡಿದವಳ ಹೆಸರನ್ನು ಬಿಟ್ಟರು! ೧೯೪೩ರಲ್ಲಿ ಆ ದಾಂಪತ್ಯ ಮುರಿಯಿತು. ೧೯೪೮ರ ಮೇ ತಿಂಗಳಲ್ಲಿ ರಿಕೆಟ್ಸ್‌ನ ಮೋಟಾರು ರೈಲಿಗೆ ಸಿಕ್ಕಿ ಅವನು ತೀರಿಕೊಂಡ. ೧೯೫೧ರಲ್ಲಿ ಯಾನಕಥನದ ಭಾಗವನ್ನು ಬೇರೆಯಾಗಿ ಅಚ್ಚು ಮಾಡಿದಾಗ ಲೇಖಕನ ಹೆಸರಾಗಿ ಉಳಿದದ್ದು ಸ್ಟೈನ್‌ಬೆಕ್‌ನದೊಂದೇ. ಗೆಳೆಯನ ನೆನಪಿಗಾಗಿ ಬರೆದ ಒಂದು ಪ್ರಬಂಧ ಅದರ ಜೊತೆಗಿದೆ. ಕಡಲಜೀವಿಗಳ ಪಟ್ಟಿಯನ್ನು ಆ ಮುದ್ರಣದಲ್ಲಿ ಬಿಟ್ಟುಬಿಟ್ಟರು. ಸಾಮಾನ್ಯ ಓದುಗನಿಗೆ ಅದು ಬೇಡವೆನಿಸಿದ್ದು ಸಹಜ. ಆದರೆ ಕಾಲ ಬೇರೆಯೇ ತೀರ್ಪು ಕೊಟ್ಟಿತು.

೨೦೦೪ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಗಿಲ್ಲಿ ಮತ್ತು ಅವನ ಸಂಗಡಿಗರು ಮಾಂಟೆರೆಯಿಂದಲೇ ಮೀನುಹಡಗೊಂದರಲ್ಲಿ ಹೊರಟು, ೧೯೪೦ರ ತಾಣಗಳಿಗೆ ಮತ್ತೆ ಹೋಗಿ, ಕೈಯಲ್ಲಿ ಆ ಹಳೆಯ ಪಟ್ಟಿಯನ್ನು ಹಿಡಿದು ನೋಡಿದರು. ಹಲವು ದಡಗಳಲ್ಲಿ ಜೀವಿಗಳ ಸಂಖ್ಯೆ ಕುಗ್ಗಿತ್ತು, ಗಾತ್ರವೂ ಕುಗ್ಗಿತ್ತು. ಹಳೆಯ ಪುಸ್ತಕದಲ್ಲಿ ಹಡಗಿನ ಸುತ್ತ ನೆಗೆದಾಡಿದ ದೊಡ್ಡ ಮೀನುಗಳು ಬಹುಮಟ್ಟಿಗೆ ಕಾಣಲಿಲ್ಲ. ಹಳೆಯ ಪುಸ್ತಕದಲ್ಲಿಲ್ಲದ ದೈತ್ಯ ಸ್ಕ್ವಿಡ್‌ಗಳು, ಅಂದರೆ ನಮ್ಮ ಬೊಂಡಾಸದ ಬಳಗದವು, ಹೇರಳವಾಗಿ ಕಂಡವು. ಆ ಪಟ್ಟಿಯಿಲ್ಲದಿದ್ದರೆ ಈ ವ್ಯತ್ಯಾಸ ತಿಳಿಯುವುದು ಹೇಗೆ? ನೋಡಿದ ಪ್ರತಿ ತಲೆಮಾರೂ ತನ್ನ ಕಣ್ಣೆದುರಿನ ಕಡಲನ್ನೇ ತುಂಬಿದ ಕಡಲೆಂದು ತಿಳಿದು ಸುಮ್ಮನಿರುತ್ತಿತ್ತು. ಬರಿಯ ಕುತೂಹಲಕ್ಕೆಂದು ಮಾಡಿದ ಪಟ್ಟಿ ಅರವತ್ತನಾಲ್ಕು ವರ್ಷಗಳ ಮೇಲೆ ನಷ್ಟದ ಲೆಕ್ಕದ ಪುಸ್ತಕವಾಯಿತು.

ಆ ಪಟ್ಟಿಯೂ ಪೂರ್ಣವಲ್ಲ. ಕೊಲ್ಲಿಯ ಬಡಗಣ ತುದಿಯಲ್ಲಿ ವಾಕೀಟಾ ಎಂಬ ಒಂದೂವರೆ ಮೀಟರಿನಷ್ಟು ಉದ್ದದ ಪುಟ್ಟ ಡಾಲ್ಫಿನ್ನಿನಂಥ ಪ್ರಾಣಿ ಇದೆ. ಲೋಕದಲ್ಲಿ ಬೇರೆಲ್ಲೂ ಇಲ್ಲ. ೧೯೪೦ರಲ್ಲಿ ವಿಜ್ಞಾನಕ್ಕೆ ಅದರ ಅರಿವೇ ಇರಲಿಲ್ಲ; ಅದಕ್ಕೆ ಶಾಸ್ತ್ರೀಯವಾಗಿ ಹೆಸರಿಟ್ಟದ್ದು ೧೯೫೮ರಲ್ಲಿ. ಟೊಟೊವಾಬಾ ಎಂಬ ಬೆಲೆಬಾಳುವ ಮೀನಿಗೆ ಕದ್ದು ಹಾಕುವ ಬಲೆಗಳಲ್ಲಿ ಸಿಕ್ಕಿ ಉಸಿರುಕಟ್ಟಿ ಸತ್ತು ಸತ್ತು ಈಗ ಉಳಿದಿರುವುದು ಹತ್ತರ ಆಸುಪಾಸು. ಹೆಸರು ಪಡೆದು ಒಂದು ಮನುಷ್ಯಾಯುಷ್ಯ ಕಳೆಯುವಷ್ಟರಲ್ಲಿ ಅಳಿವಿನ ಅಂಚು. ೨೦೦೫ರಲ್ಲಿ ಈ ದ್ವೀಪಗಳನ್ನು ವಿಶ್ವಪರಂಪರೆಯ ತಾಣವೆಂದು ಸಾರಿದ ಯುನೆಸ್ಕೊ, ೨೦೧೯ರಲ್ಲಿ ಈ ಪ್ರಾಣಿಯ ಕಾರಣದಿಂದಲೇ ಅವನ್ನು ಅಪಾಯದ ಪಟ್ಟಿಗೆ ಸೇರಿಸಿತು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುವ ಉತ್ಸಾಹ ನನಗಿರುತ್ತಿರಲಿಲ್ಲ. ೧೯೪೦ರ ಮಾರ್ಚಿನಲ್ಲಿ ಗೆಳೆಯರು ಇಳಿದಿದ್ದ ಕಾಬೊ ಪುಲ್ಮೊದಲ್ಲಿ ಇನ್ನೊಂದು ಕಥೆ ನಡೆಯಿತು. ಮೀನು ಕಡಿಮೆಯಾದುದನ್ನು ಕಂಡ ಅಲ್ಲಿನ ಬೆಸ್ತರ ಕುಟುಂಬಗಳೇ ಮುಂದಾಗಿ, ತಮ್ಮ ಕಡಲನ್ನು ಕಾಯ್ದಿಡುವಂತೆ ಒತ್ತಾಯಪಡಿಸಿದವು. ೧೯೯೫ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಬಲೆ ಗಾಳಗಳನ್ನು ಎತ್ತಿಟ್ಟರು. ೧೯೯೯ರಿಂದ ೨೦೦೯ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿನ ಮೀನಿನ ಒಟ್ಟು ತೂಕ ನೂರಕ್ಕೆ ೪೬೩ರಷ್ಟು ಹೆಚ್ಚಿತೆಂದು ವಿಜ್ಞಾನಿಗಳು ೨೦೧೧ರಲ್ಲಿ ಲೆಕ್ಕಕೊಟ್ಟರು. ಬೆಸ್ತರ ಮಕ್ಕಳು ಈಗ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಅದೇ ಮೀನುಗಳನ್ನು ತೋ��ಿಸಿ ಜೀವನ ಸಾಗಿಸುತ್ತಿದ್ದಾರೆ. ವೀವೆಸ್‌ನ ಕಲ್ಲಿನ ಕಾಲುವೆಗಳಿದ್ದ ಎಸ್ಪಿರಿಟು ಸಾಂಟೊ ದ್ವೀಪವನ್ನು ಕೂಡ ೨೦೦೩ರಲ್ಲಿ ಹಣ ಕೂಡಿಸಿ ಕೊಂಡು ದೇಶಕ್ಕೆ ಒಪ್ಪಿಸಿದರು.

‘ವೆಸ್ಟರ್ನ್ ಫ್ಲೈಯರ್’ ಹಡಗೂ ಮುಳುಗಿ ಎದ್ದದ್ದೇ. ಮಾಂಟೆರೆಯ ಸಾರ್ಡೀನ್ ಸಂಪತ್ತು ಬರಿದಾದ ಮೇಲೆ ಅದು ಹೆಸರು ಬದಲಿಸಿಕೊಂಡು ಅಲಾಸ್ಕದವರೆಗೂ ದುಡಿಯಿತು. ೨೦೧೨ ಮತ್ತು ೨೦೧೩ರಲ್ಲಿ ನಿಂತಲ್ಲೇ ಮುಳುಗಿತು. ೨೦೧೫ರಲ್ಲಿ ಅದನ್ನು ಕೊಂಡವರು ಹಲಗೆ ಹಲಗೆಯಾಗಿ ದುರಸ್ತಿ ಮಾಡಿಸಿದರು. ೨೦೨೩ರಲ್ಲಿ ಅದು ಮಾಂಟೆರೆಗೆ ಮರಳಿತು, ಈ ಬಾರಿ ಮೀನು ಹಿಡಿಯಲಲ್ಲ, ಮಕ್ಕಳಿಗೆ ಕಡಲನ್ನು ಕಲಿಸಲು.

ಇಂದು ಚಳಿಗಾಲದಲ್ಲಿ ಲಾ ಪಾಸ್‌ನಿಂದ ಹಡಗು ಹಿಡಿದು ಹೊರಡುವವರಿಗೆ ನೋಡಲು ಕಡಿಮೆಯೇನಿಲ್ಲ. ಬಂದರಿನ ಪಕ್ಕದ ಕೊಲ್ಲಿಯಲ್ಲೇ ತಿಮಿಂಗಿಲ ಶಾರ್ಕ್ ಎಂಬ ಸಾಧು ಮೀನು ತೇಲುತ್ತಿರುತ್ತದೆ. ಎಸ್ಪಿರಿಟು ಸಾಂಟೊದ ಬಡಗಣ ಬಂಡೆಗಳ ಮೇಲೆ ಕಡಲಸಿಂಹಗಳು ಬಿಸಿಲು ಕಾಯಿಸುತ್ತವೆ. ಫೆಬ್ರವರಿ ಮಾರ್ಚಿನಲ್ಲಿ ಲೊರೆಟೊದ ಆಚೆ ನೀಲಿ ತಿಮಿಂಗಿಲಗಳು ಬರುತ್ತವೆ. ಬಡಗಣ ಗಾಳಿ ಎದ್ದ ದಿನ ದ್ವೀಪದ ಮರೆಯಲ್ಲಿ ಲಂಗರು ಹಾಕಿ ಸುಮ್ಮನಿರಬೇಕು; ಆ ಗಾಳಿ ಕಡಲಿಗೆ ಉಣಿಸುತ್ತಿದೆಯೆಂದು ಸಮಾಧಾನ ತಂದುಕೊಳ್ಳಬೇಕು. ಹೊರಡುವವರಲ್ಲಿ ನಮ್ಮ ಕನ್ನಡದ ಮಕ್ಕಳೂ ಇದ್ದಾರು. ಅವರಿಗೆ ನಾನು ಹೇಳುವುದಿಷ್ಟೆ: ಸಾಮಾನಿನ ಪಟ್ಟಿಯಲ್ಲಿ ಒಂದು ನೋಟುಬುಕ್ಕೂ ಒಂದು ಪೆನ್ಸಿಲೂ ಇರಲಿ. ಕಂಡದ್ದನ್ನು, ಕಂಡ ದಿನವನ್ನು, ಕಂಡ ಜಾಗವನ್ನು ಬರೆಯಿರಿ. ಅಲ್ಲಿಗೆ ಹೋಗಲಾರದ ನಮ್ಮಂಥವರು ಕಾರವಾರದ ದಡದಲ್ಲೋ ಮಲ್ಪೆಯ ದಡದಲ್ಲೋ, ಇಳಿತದ ಹೊತ್ತಿಗೆ ಸರಿಯಾಗಿ ಹೋದರೆ, ಅದೇ ಕೆಲಸವನ್ನು ಮಾಡಬಹುದು.

ಏನು ಕಳೆದುಕೊಂಡಿರಿ ಎಂದು ೧೯೪೦ರಲ್ಲಿ ದಡದ ಜನ ಕೇಳಿದಾಗ, ಏನೂ ಇಲ್ಲವೆಂದು ಆ ಗೆಳೆಯರು ಹೇಳಿದರು. ಆ ಪ್ರಶ್ನೆಯನ್ನು ಇಂದು ಯಾರಾದರೂ ಕೇಳಿದರೆ ಉತ್ತರಕ್ಕಾಗಿ ತಡವರಿಸಬೇಕಾಗಿಲ್ಲ. ಅವರು ಬರೆದಿಟ್ಟ ಪಟ್ಟಿಯನ್ನು ತೆರೆದು ತೋರಿಸಿದರೆ ಸಾಕು.